ಬಂದ ದಾರಿ, ಬಾಳುವ ಮನೆ

ಅಮೆರಿಕದ ಪ್ರಜೆಯೊಬ್ಬರನ್ನು ಮದುವೆಯಾದರೆ ಸಾಕು, ಆ ದೇಶದಲ್ಲಿ ಉಳಿಯುವ ಹಕ್ಕು ತಾನಾಗಿಯೇ ಒದಗಿಬರುತ್ತದೆ ಎಂಬ ನಂಬಿಕೆ ನಮ್ಮ ಜನರಲ್ಲಿ ಗಟ್ಟಿಯಾಗಿ ಬೇರೂರಿದೆ. ಸಿನಿಮಾಗಳು ಆ ನಂಬಿಕೆಯನ್ನು ಬೆಳೆಸಿವೆ. ದಲಾಲರು ಅದನ್ನು ಮಾರಿಕೊಂಡು ಬದುಕುತ್ತಾರೆ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರದಲ್ಲಿ ತಂದು ಇಳಿಸಿತು. ಅವರಲ್ಲಿ ಮೂವರು ನಮ್ಮ ಮಹಾರಾಷ್ಟ್ರದವರೇ ಆಗಿದ್ದರು. ಆ ವಾರ ತರಗತಿಯಲ್ಲಿ ಅದೇ ಮಾತು. "ಸರ್, ಅಲ್ಲೇ ಯಾರನ್ನರ ಲಗ್ನ ಆಗಿದ್ರ ಅವರನ್ನ ವಾಪಸ್ ಕಳಸ್ತಿದ್ದಿಲ್ಲ, ಹೌದಲ್ರಿ?" ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವ ಪ್ರಶ್ನೆ ಅದಲ್ಲ. ಅದರ ಉತ್ತರದಲ್ಲಿ ಕಾನೂನಿದೆ, ನ್ಯಾಯದ ವಿಚಾರವಿದೆ, ಭಾಷೆಯ ವಿಚಾರವೂ ಇದೆ. ಆದ್ದರಿಂದಲೇ ಕನ್ನಡ ವಿಭಾಗದ ಈ ಪತ್ರಿಕೆಯಲ್ಲಿ ಅದನ್ನು ಎತ್ತಿಕೊಳ್ಳುತ್ತಿದ್ದೇನೆ.

ಮೊದಲು ಕಾನೂನನ್ನು ನೋಡೋಣ. ಅಮೆರಿಕದ ವಲಸೆ ಮತ್ತು ರಾಷ್ಟ್ರೀಯತೆ ಕಾಯಿದೆಯ 245ನೆಯ ಕಲಮು, ದೇಶದೊಳಗೆ ಇದ್ದುಕೊಂಡೇ ಕಾಯಂ ನಿವಾಸದ ಹಕ್ಕನ್ನು, ಅಂದರೆ ನಾವು ಗ್ರೀನ್ ಕಾರ್ಡ್ ಎನ್ನುವುದನ್ನು, ಪಡೆಯಲು ಒಂದು ಮುಖ್ಯ ಷರತ್ತನ್ನು ಇಡುತ್ತದೆ. ಅರ್ಜಿದಾರನು ದೇಶವನ್ನು ಪ್ರವೇಶಿಸುವಾಗ ಅಧಿಕಾರಿಯ ಎದುರು ನಿಂತಿರಬೇಕು. ಅಧಿಕಾರಿ ಅವನನ್ನು ಪರೀಕ್ಷಿಸಿ ಒಳಗೆ ಬಿಟ್ಟಿರಬೇಕು. ಇಷ್ಟೇ. ಆದರೆ ಈ ಒಂದು ಷರತ್ತಿನಿಂದ ಸಂಸಾರಗಳು ಹೇಗೆ ಎರಡು ಪಾಲಾಗುತ್ತವೆ ಎಂಬುದನ್ನು ಕಾಣಲು ಇಬ್ಬರನ್ನು ಊಹಿಸಿಕೊಳ್ಳಿರಿ. ಒಬ್ಬನು ಪ್ರವಾಸಿ ವೀಸಾ ಹಿಡಿದು ವಿಮಾನದಲ್ಲಿ ನ್ಯೂಯಾರ್ಕಿಗೆ ಬಂದಿಳಿದ. ಆರು ತಿಂಗಳ ಅವಧಿ ತೀರಿದ ಮೇಲೂ ಹಿಂದಿರುಗದೆ ಹದಿನೈದು ವರ್ಷ ಅಲ್ಲಿಯೇ ಉಳಿದ. ಇನ್ನೊಬ್ಬನು ಅರಿಝೋನಾದ ಮರುಭೂಮಿಯನ್ನು ರಾತ್ರಿಯಲ್ಲಿ ನಡೆದು ದಾಟಿದ. ಅವನೂ ಹದಿನೈದು ವರ್ಷ ಉಳಿದ. ಇಬ್ಬರೂ ಅಮೆರಿಕದ ಪ್ರಜೆಗಳನ್ನು ಮದುವೆಯಾದರು, ಇಬ್ಬರಿಗೂ ಮಕ್ಕಳಾದವು, ಇಬ್ಬರೂ ಒಂದೇ ಓಣಿಯಲ್ಲಿ ಇದ್ದಾರೆ. ಮೊದಲನೆಯವನು ಸಮೀಪದ ಕಚೇರಿಯಲ್ಲಿ ಅರ್ಜಿ ಸಲ್ಲಿಸಿ, ಹೆಂಡತಿಯೊಡನೆ ಸಂದರ್ಶನಕ್ಕೆ ಹೋಗಿ, ಬೇರೆ ದೋಷವಿಲ್ಲದಿದ್ದರೆ ಕಾರ್ಡು ಪಡೆಯಬಲ್ಲ. ಅವಧಿ ಮೀರಿ ಉಳಿದದ್ದನ್ನು ಪ್ರಜೆಯ ಪತಿ ಅಥವಾ ಪತ್ನಿಯ ವಿಷಯದಲ್ಲಿ ಕಾನೂನು ಕ್ಷಮಿಸುತ್ತದೆ. ಎರಡನೆಯವನಿಗೆ ಆ ಕಚೇರಿಯ ಬಾಗಿಲು ಮುಚ್ಚಿದೆ. ಅವನ ಹೆಂಡತಿ ಸಲ್ಲಿಸಿದ ಮನವಿಯನ್ನು ಸರಕಾರ ಒಪ್ಪುತ್ತದೆ. ಈ ಮದುವೆ ನಿಜವಾದದ್ದು ಎಂದು ಬರೆದೂ ಕೊಡುತ್ತದೆ. ಆದರೆ ಕಾರ್ಡು ಬೇಕೆಂದರೆ ತಾಯ್ನಾಡಿಗೆ ಹೋಗಿ ಅಲ್ಲಿಯ ಅಮೆರಿಕನ್ ಕಾನ್ಸುಲೇಟಿನಲ್ಲಿ ವೀಸಾ ಕೇಳು ಎನ್ನುತ್ತದೆ.

ಹೋಗಿ ಬಂದರಾಯಿತು ಎನ್ನಬಹುದು. ನಿಜವಾದ ತೊಡಕು ಇರುವುದು ಅಲ್ಲಿಯೇ. 1996ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದೆ 180 ದಿನಕ್ಕಿಂತ ಹೆಚ್ಚು ಕಾಲ ಉಳಿದು ಹೊರಗೆ ಹೋದವನಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದವನಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ. ಈ ನಿಷೇಧವು ಒಳಗೆ ಇರುವವರೆಗೆ ತಟ್ಟುವುದಿಲ್ಲ. ಹೊರಗೆ ಕಾಲಿಟ್ಟ ದಿನದಿಂದ ಆರಂಭವಾಗುತ್ತದೆ. ಅಡಗಿಕೊಂಡೇ ಇರುವವನನ್ನು ಅದು ಮುಟ್ಟದು, ತನ್ನ ಸ್ಥಿತಿಯನ್ನು ಸರಿಪಡಿಸಿಕೊಳ್ಳಲು ಕಾನೂನು ತೋರಿಸಿದ ದಾರಿಯಲ್ಲೇ ಹೊರಟವನನ್ನು ಹಿಡಿಯುತ್ತದೆ. ಹೀಗಾಗಿ ಎಷ್ಟೋ ಜನ ಹೊರಡುವುದೇ ಇಲ್ಲ. ಹೊರಟು ಹೋಗಿ, ಮಕ್ಕಳನ್ನು ನೋಡದೆ ಇರಲಾರದೆ ಮತ್ತೆ ಕದ್ದು ದಾಟಿ ಬಂದವನ ಪಾಡು ಇನ್ನೂ ಕಠಿಣ. ಅಂಥವನ ಮೇಲೆ ಶಾಶ್ವತ ನಿಷೇಧ ಬೀಳುತ್ತದೆ. ಹತ್ತು ವರ್ಷ ಹೊರಗಿದ್ದ ಮೇಲೆಯೇ ಅವನು ಪ್ರವೇಶಕ್ಕೆ ಅನುಮತಿಯನ್ನಾದರೂ ಕೇಳಬಹುದು. ಹೆಂಡತಿಯ ಪೌರತ್ವ ಅಲ್ಲಿ ಏನೂ ಕೆಲಸಕ್ಕೆ ಬಾರದು.

ಹತ್ತು ವರ್ಷದ ನಿಷೇಧಕ್ಕೆ ವಿನಾಯಿತಿಯ ವ್ಯವಸ್ಥೆ ಇದೆ. 2013ರ ಮಾರ್ಚಿನಿಂದ ಅದನ್ನು ದೇಶ ಬಿಡುವ ಮೊದಲೇ ಕೇಳಿಕೊಳ್ಳುವ ಅವಕಾಶವೂ ಬಂತು. ಅದೊಂದು ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ವಿನಾಯಿತಿಗೆ ಆಧಾರವಾಗಿ ತೋರಿಸಬೇಕಾದದ್ದು ಏನು? ಪ್ರಜೆಯಾದ ಅಥವಾ ಕಾಯಂ ನಿವಾಸಿಯಾದ ಪತಿಗೋ ಪತ್ನಿಗೋ ತಂದೆತಾಯಿಗೋ 'ವಿಪರೀತ ಕಷ್ಟ' ಒದಗುತ್ತದೆ ಎಂಬುದನ್ನು. ಅಗಲಿಕೆಯ ದುಃಖ, ಒಂದೇ ಸಂಬಳದಲ್ಲಿ ಮನೆ ನಡೆಸುವ ಪಾಡು, ಮಕ್ಕಳು ರಾತ್ರಿ ತಂದೆಯನ್ನು ನೆನೆದು ಅಳುವುದು, ಇವು ಅಗಲಿಕೆಯ ಸಹಜ ಪರಿಣಾಮಗಳೆಂದು ಎಣಿಸಲ್ಪಡುತ್ತವೆ. ಅಷ್ಟರಿಂದಲೇ ವಿನಾಯಿತಿ ದೊರೆಯದು. ಮಕ್ಕಳ ಕಷ್ಟವಂತೂ ತನ್ನಷ್ಟಕ್ಕೆ ಲೆಕ್ಕಕ್ಕೇ ಇಲ್ಲ. ತಾಯಿಯ ಕಷ್ಟದ ಭಾಗವಾಗಿ ಬಂದರೆ ಮಾತ್ರ ಅದಕ್ಕೆ ಬೆಲೆ. ವಿರಹವನ್ನು ವರ್ಣಿಸುವ ಕಾವ್ಯಗಳನ್ನು ವರ್ಷವಿಡೀ ಪಾಠ ಹೇಳುವ ನನಗೆ ಈ 'ಸಹಜ ವಿರಹ' ಮತ್ತು 'ವಿಪರೀತ ವಿರಹ' ಎಂಬ ವಿಂಗಡಣೆ ವಿಚಿತ್ರವಾಗಿ ಕಾಣುತ್ತದೆ. ವೈದ್ಯರ ಚೀಟಿ, ಮನೋವೈದ್ಯರ ವರದಿ, ಸಾಲದ ಪತ್ರಗಳಿಂದ ಅಳೆಯಲ್ಪಟ್ಟ ಮೇಲೆಯೇ ದಾಂಪತ್ಯದ ನೋವು ನೋವೆನಿಸಿಕೊಳ್ಳುತ್ತದೆ.

ಇನ್ನೊಂದು ಅಂಶವನ್ನು ಇಲ್ಲಿಯೇ ಹೇಳಿಬಿಡಬೇಕು. ಅನುಮತಿಯಿಲ್ಲದೆ ಗಡಿ ದಾಟುವುದು ಅಮೆರಿಕದ ಕಾನೂನಿನಲ್ಲಿ ಅಪರಾಧವೇ ಹೌದು. ಮೊದಲ ಸಲದ ಅಪರಾಧಕ್ಕೆ ವಿಧಿಸಬಹುದಾದ ಸೆರೆವಾಸ ಹೆಚ್ಚೆಂದರೆ ಆರು ತಿಂಗಳು. ಅಪರಾಧಕ್ಕೆ ಆರು ತಿಂಗಳು. ಸಂಸಾರದಿಂದ ಅಗಲಿಕೆ ಹತ್ತು ವರ್ಷ. ಎರಡನೆಯದನ್ನು ಕಾನೂನು ಶಿಕ್ಷೆ ಎಂದು ಕರೆಯುವುದೇ ಇಲ್ಲ. ಶಿಕ್ಷೆ ಎಂದು ಕರೆಯದಿರುವುದರಿಂದಲೇ ಅಪರಾಧಕ್ಕೂ ಅದಕ್ಕೂ ಪ್ರಮಾಣ ಇರಬೇಕೆಂಬ ಪ್ರಶ್ನೆ ಏಳುವುದಿಲ್ಲ. ಮೇಲಾಗಿ ಆ ಹತ್ತು ವರ್ಷವನ್ನು ಅನುಭವಿಸುವವಳು ಯಾವ ಗಡಿಯನ್ನೂ ದಾಟದ, ಆ ದೇಶದಲ್ಲೇ ಹುಟ್ಟಿರಬಹುದಾದ ಅವನ ಹೆಂಡತಿಯೂ ಹೌದು.

ಬಾಗಿಲಿನಿಂದ ಬಂದವನಿಗೂ ಬೇಲಿ ದಾಟಿ ಬಂದವನಿಗೂ ವ್ಯತ್ಯಾಸ ಬೇಡವೇ ಎಂದು ನೀವು ಕೇಳಬಹುದು. ಬಾಗಿಲಿನಿಂದ ಬರಲು ಯಾರಿಗೆ ಸಾಧ್ಯವಾಗುತ್ತದೆ ಎಂಬುದನ್ನೂ ಕೇಳಬೇಕು. ಪ್ರವಾಸಿ ವೀಸಾ ಕೇಳಿದವನು ತಾನು ಹಿಂದಿರುಗುವವನೆಂದು ಅಧಿಕಾರಿಗೆ ಮನದಟ್ಟು ಮಾಡಬೇಕು. ಹೊಲ, ಮನೆ, ಬ್ಯಾಂಕಿನಲ್ಲಿ ಹಣ, ಒಳ್ಳೆಯ ನೌಕರಿ ಇದ್ದವನಿಗೆ ಅದು ಸುಲಭ. ಏನೂ ಇಲ್ಲದವನಿಗೆ ವೀಸಾ ಸಿಕ್ಕುವುದಿಲ್ಲ; ಅವನಿಗೆ ಉಳಿಯುವುದು ಬೇಲಿಯೊಂದೇ. ಇಬ್ಬರೂ ಕಾನೂನು ಮುರಿದವರೇ. ಒಬ್ಬನು ಮುರಿದದ್ದು ಒಳಗೆ ಬಂದ ಮೇಲೆ, ಇನ್ನೊಬ್ಬನು ಬರುವಾಗ. ಈ ಎರಡರ ನಡುವೆ ನೀತಿಯ ಅಂತರಕ್ಕಿಂತ ಆಸ್ತಿಯ ಅಂತರವೇ ದೊಡ್ಡದೆಂದು ನಾನು ತಿಳಿಯುತ್ತೇನೆ.

ಈಗ ಭಾಷೆಯ ಮಾತು. ಮರಾಠಿಯಲ್ಲಿ 'ಘುಸಖೋರ' ಎನ್ನುತ್ತೇವೆ, ಕನ್ನಡದಲ್ಲಿ 'ನುಸುಳುಕೋರ'. ಎರಡು ಭಾಷೆಯ ಶಾಲೆಗಳಲ್ಲಿ ಓದಿ ಬೆಳೆದವರಿಗೆ ಈ ಜೋಡಿ ಒಡನೆ ಕಣ್ಣಿಗೆ ಬೀಳುತ್ತದೆ. ಪಾರಸಿಯಲ್ಲಿ ತಿನ್ನುವವನು ಎಂಬ ಅರ್ಥದ ಪ್ರತ್ಯಯ ಮರಾಠಿಯಲ್ಲಿ 'ಖೋರ' ಆಗಿ, ಕನ್ನಡದಲ್ಲಿ 'ಕೋರ' ಆಗಿ ನೆಲೆಸಿದೆ: ಲಾಚಖೋರ, ಲಂಚಕೋರ, ಚಾಡಿಕೋರ, ಸುಲಿಗೆಕೋರ. ಒಮ್ಮೆ ಒಂದು ಕೆಲಸ ಮಾಡಿದವನನ್ನು ನಾವು ಹೀಗೆ ಕರೆಯುವುದಿಲ್ಲ. ಅದೇ ಸ್ವಭಾವವಾದವನನ್ನು, ಅದನ್ನೇ ಉಂಡು ಬದುಕುವವನನ್ನು ಕರೆಯುತ್ತೇವೆ. ಇಪ್ಪತ್ತು ವರ್ಷದ ಹಿಂದೆ ಒಂದು ರಾತ್ರಿ ನುಸುಳಿದವನು ಆಮೇಲೆ ಗೌಂಡಿ ಕೆಲಸ ಮಾಡಿ, ತೆರಿಗೆ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿದ್ದರೂ ಇಂದಿಗೂ ನುಸುಳುಕೋರನೇ. 'ನುಸುಳಿದವನು' ಎಂಬ ಭೂತಕಾಲದ ಕೃದಂತ ನಮ್ಮ ಭಾಷೆಯಲ್ಲಿ ಇದೆ. ನಾವು ಅದನ್ನು ಬಳಸುವುದಿಲ್ಲ. ಅಮೆರಿಕದ 245ನೆಯ ಕಲಮು ಮಾಡುವುದೂ ಇದನ್ನೇ. ಕೃತ್ಯವನ್ನು ಸ್ವಭಾವವನ್ನಾಗಿ ಮಾಡಿ, ಕಾಲಕ್ರಿಯೆಗೆ ಬಿಡುಗಡೆಯಿಲ್ಲದಂತೆ ಮಾಡುತ್ತದೆ.

ಶಾಕುಂತಲವನ್ನು ಪಠ್ಯದಲ್ಲಿ ಓದುವ ನೀವು ದುಷ್ಯಂತನ ಸಭೆಯನ್ನು ನೆನೆಯಬಹುದು. ವ್ಯಾಸಭಾರತದಲ್ಲಿ ಇಲ್ಲದ ಉಂಗುರವನ್ನು ಕಾಳಿದಾಸ ತಂದ; ತಂದು ಅದನ್ನು ನೀರಿನಲ್ಲಿ ಕಳೆದ. ಮದುವೆ ನಿಜವಾದರೂ ಗುರುತು ಇಲ್ಲದ್ದರಿಂದ ತುಂಬು ಗರ್ಭಿಣಿ ಅರಮನೆಯಿಂದ ಹೊರಬಿದ್ದಳು. ಅಲ್ಲಿ ಪ್ರಶ್ನೆ ಇದ್ದದ್ದು ಸಾಕ್ಷ್ಯದ್ದು. ಉಂಗುರ ದೊರೆತ ಮೇಲೆ ಅರಸನಿಗೆ ಬೇರೆ ಪ್ರಶ್ನೆ ಉಳಿಯಲಿಲ್ಲ. ನಾನು ಹೇಳುತ್ತಿರುವ ದಂಪತಿಗಳ ಕೈಯಲ್ಲಿ ಉಂಗುರ ಇದೆ, ಸಭೆಯೂ ಅದನ್ನು ನೋಡಿ ಒಪ್ಪಿದೆ. ಒಪ್ಪಿದ ಮೇಲೆ ಕೇಳುವ ಪ್ರಶ್ನೆ: ಆಶ್ರಮದಿಂದ ನಗರಕ್ಕೆ ನೀನು ಯಾವ ದಾರಿಯಲ್ಲಿ ಬಂದೆ?

ಇದು ಕೇವಲ ಉಪಮೆಯಲ್ಲ. ಲಾಸ್ ಏಂಜಲೀಸಿನ ಒಬ್ಬ ವಕೀಲೆ 2010ರಲ್ಲಿ ಎಲ್ ಸಾಲ್ವಡಾರಿನವನೊಬ್ಬನನ್ನು ಮದುವೆಯಾದರು. ಅವನು ಅನುಮತಿಯಿಲ್ಲದೆ ದೇಶದೊಳಗೆ ಬಂದವನು. ಹೆಂಡತಿಯ ಮನವಿ ಮಂಜೂರಾಯಿತು, ವಿನಾಯಿತಿಯೂ ದೊರೆಯಿತು. ನಿಯಮದಂತೆ ಅವನು ಸಂದರ್ಶನಕ್ಕೆಂದು ಸ್ಯಾನ್ ಸಾಲ್ವಡಾರಿಗೆ ಹೋದ. ಕಾನ್ಸುಲೇಟಿನ ಅಧಿಕಾರಿ, ಕಾರಣವನ್ನು ಬಿಡಿಸಿ ಹೇಳದೆ, ವೀಸಾ ನಿರಾಕರಿಸಿದ. ಅವನ ಮೈಮೇಲಿನ ಹಚ್ಚೆಗಳಿಂದಾಗಿ ಅಪರಾಧಿ ಗುಂಪೊಂದರ ಸದಸ್ಯನಿರಬೇಕೆಂಬ ಸಂಶಯ ಬಂದಿತ್ತೆಂದು ಬಹಳ ಕಾಲದ ಮೇಲೆ ನ್ಯಾಯಾಲಯದಲ್ಲಿ ತಿಳಿಯಿತು. ಆ ಸಂಶಯವನ್ನು ದಂಪತಿ ಅಲ್ಲಗಳೆದಿದ್ದರು. ಹೆಂಡತಿ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟನ್ನು ಮುಟ್ಟಿತು. 2024ರ ಜೂನ್ 21ರಂದು ಆರು ಮಂದಿ ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ ನಿಂತ ತೀರ್ಪು ಬಂತು: ವಿದೇಶಿ ಪತಿಯನ್ನು ದೇಶದೊಳಗೆ ಸೇರಿಸಬೇಕೆಂದು ಕೇಳುವ ಮೂಲಭೂತ ಹಕ್ಕು ಪ್ರಜೆಗೆ ಇಲ್ಲ. ಮದುವೆಯಾಗುವ ಹಕ್ಕು ಇದೆ. ಮದುವೆಯಾದವನೊಡನೆ ತನ್ನ ದೇಶದಲ್ಲಿ ಬಾಳುವ ಹಕ್ಕು ಇಲ್ಲ. ಅದೇ ಗಂಡ ವೀಸಾ ಹಿಡಿದು ಬಂದು ಅವಧಿ ಮೀರಿ ಉಳಿದವನಾಗಿದ್ದರೆ ಸ್ಯಾನ್ ಸಾಲ್ವಡಾರಿಗೆ ಹೋಗುವ ಅಗತ್ಯವೇ ಇರುತ್ತಿರಲಿಲ್ಲ. ದೇಶದೊಳಗಿನ ಕಚೇರಿ ನಿರಾಕರಿಸಿದ್ದರೂ ಕಾರಣ ಕೇಳುವ, ಎದುರಾಡುವ ಅವಕಾಶ ಇಷ್ಟು ಬರಡಾಗಿರುತ್ತಿರಲಿಲ್ಲ.

ವಿರೋಧದ ವಾದಗಳನ್ನು ಹಗುರವಾಗಿ ತಳ್ಳಿಹಾಕಬಾರದು. ಸುಳ್ಳು ಮದುವೆಗಳು ನಡೆಯುತ್ತವೆ. ಹಣಕ್ಕಾಗಿ ಮದುವೆ ಮಾಡಿಸುವ ದಲಾಲರೂ ಇದ್ದಾರೆ. ಆದರೆ ಅದಕ್ಕೆ 1986ರ ಕಾನೂನು ಬೇರೆಯೇ ಇದೆ. ಕಾರ್ಡು ದೊರೆಯುವಾಗ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಎರಡು ವರ್ಷದ ಷರತ್ತಿನ ಕಾರ್ಡು ಮಾತ್ರ ಸಿಗುತ್ತದೆ. ಆಮೇಲೆ ಇಬ್ಬರೂ ಸೇರಿ ಮತ್ತೊಮ್ಮೆ ಮದುವೆಯ ಸತ್ಯವನ್ನು ತೋರಿಸಬೇಕು. ಸುಳ್ಳು ಮದುವೆಗೆ ಐದು ವರ್ಷದವರೆಗೆ ಸೆರೆ, ಎರಡೂವರೆ ಲಕ್ಷ ಡಾಲರಿನವರೆಗೆ ದಂಡ. ಸಂಶಯ ಬಂದರೆ ಗಂಡ ಹೆಂಡಿರನ್ನು ಬೇರೆ ಬೇರೆ ಕೂಡಿಸಿ, ಮಂಚದ ಯಾವ ಬದಿಯಲ್ಲಿ ಯಾರು ಮಲಗುತ್ತೀರಿ ಎಂಬಲ್ಲಿಯವರೆಗೆ ಕೇಳುತ್ತಾರೆ. (ನಮ್ಮ ಸೀಮೆಯ ಹಿರಿಯ ದಂಪತಿಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಷ್ಟ. ಶಾಲೆಯ ದಾಖಲೆಯಂತೆ ಇಬ್ಬರ ಹುಟ್ಟಿದ ದಿನವೂ ಜೂನ್ 1. ನಿಜವಾದ ದಿನ ಇಬ್ಬರಿಗೂ ಗೊತ್ತಿಲ್ಲ. ಐವತ್ತು ವರ್ಷ ಬಾಳುವೆ ಮಾಡಿದ ಗಂಡನ ಹೆಸರನ್ನು ಅಜ್ಜಿ ಬಾಯಿಬಿಟ್ಟು ಹೇಳುವುದೂ ಇಲ್ಲ.) ಮದುವೆಯ ಸತ್ಯವನ್ನು ಪರೀಕ್ಷಿಸುವ ಇಷ್ಟೆಲ್ಲ ಸಾಧನಗಳಿರುವಾಗ, ಬಂದ ದಾರಿಯನ್ನು ಮದುವೆಯ ಮೇಲಿನ ಸಂಶಯಕ್ಕೆ ಬದಲಿಯಾಗಿ ಬಳಸುವ ಅಗತ್ಯವಿಲ್ಲ.

ಸರತಿಯಲ್ಲಿ ನಿಂತವರಿಗೆ ಅನ್ಯಾಯವಾಗುತ್ತದೆ ಎಂಬುದು ಎರಡನೆಯ ವಾದ. ಕೇಳಲು ನ್ಯಾಯವಾಗಿ ತೋರುವ ಈ ವಾದ ಇಲ್ಲಿ ನಿಲ್ಲುವುದಿಲ್ಲ. ಪ್ರಜೆಯ ಪತಿ ಪತ್ನಿಯರಿಗೆ ವಾರ್ಷಿಕ ಸಂಖ್ಯೆಯ ಮಿತಿಯೇ ಇಲ್ಲ. ಅವರು ಯಾರ ಸರತಿಯನ್ನೂ ಕಸಿದುಕೊಳ್ಳುವುದಿಲ್ಲ. ಮೂರನೆಯ ವಾದವೇ ಗಟ್ಟಿಯಾದದ್ದು: ಕಾನೂನು ಮುರಿದವನಿಗೆ ಬಹುಮಾನ ಕೊಡಬಾರದು. ಒಪ್ಪುತ್ತೇನೆ. ದಂಡ ಹಾಕಲಿ. ಅಮೆರಿಕವೇ ಇದಕ್ಕೊಂದು ದಾರಿ ಕಂಡುಕೊಂಡಿತ್ತು. 245ನೆಯ ಕಲಮಿನ ಒಂದು ಉಪಕಲಮಿನಂತೆ ಸಾವಿರ ಡಾಲರ್ ದಂಡ ತೆತ್ತು, ಬೇಲಿ ದಾಟಿ ಬಂದವನೂ ದೇಶದೊಳಗೆ ಇದ್ದುಕೊಂಡೇ ಕಾರ್ಡು ಪಡೆಯಬಹುದಾಗಿತ್ತು. ಆದರೆ ಅವನ ಪರವಾಗಿ ಕುಟುಂಬದವರ ಅಥವಾ ನೌಕರಿ ಕೊಟ್ಟವರ ಮನವಿ 2001ರ ಏಪ್ರಿಲ್ 30ರೊಳಗೆ ಸಲ್ಲಿಕೆಯಾಗಿರಬೇಕು. ಆ ದಿನಾಂಕ ಇಂದಿಗೂ ಅಲ್ಲಿಯೇ ನಿಂತಿದೆ. ಅಂದು ಹುಟ್ಟಿದ ಮಕ್ಕಳು ಈಗ ಮದುವೆಯ ವಯಸ್ಸು ದಾಟಿದ್ದಾರೆ.

2024ರಲ್ಲಿ ಅಲ್ಲಿನ ಸರಕಾರ ಮತ್ತೊಂದು ಪ್ರಯತ್ನ ಮಾಡಿತು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ದೇಶದಲ್ಲಿದ್ದು ಪ್ರಜೆಗಳನ್ನು ಮದುವೆಯಾದವರಿಗೆ ದೇಶ ಬಿಡದೆಯೇ ಅರ್ಜಿ ಸಲ್ಲಿಸುವ ಅನುಕೂಲ ಕಲ್ಪಿಸುವ ಯೋಜನೆ ಅದು. ಸುಮಾರು 5 ಲಕ್ಷ ಮಂದಿ ಇದಕ್ಕೆ ಅರ್ಹರಿರಬಹುದೆಂದೂ ಅವರು ಸರಾಸರಿ 23 ವರ್ಷ ಅಲ್ಲಿ ಬಾಳಿದವರೆಂದೂ ಸರಕಾರದ ಅಂದಾಜು. ಆಗಸ್ಟ್ 19ರಂದು ಅರ್ಜಿ ಸ್ವೀಕಾರ ಆರಂಭವಾಯಿತು. ಟೆಕ್ಸಾಸಿನ ನೇತೃತ್ವದಲ್ಲಿ ರಾಜ್ಯಗಳು ಕೋರ್ಟಿಗೆ ಹೋದವು. ಒಂದು ವಾರದಲ್ಲಿ ತಡೆಯಾಜ್ಞೆ, ನವೆಂಬರ್ 7ರಂದು ಯೋಜನೆಯೇ ರದ್ದು. ಅಧ್ಯಕ್ಷರ ಆಜ್ಞೆಯಿಂದ ಇಂಥದ್ದನ್ನು ಮಾಡಲಾಗದು, ಸಂಸತ್ತೇ ಮಾಡಬೇಕು ಎಂಬ ವಾದದಲ್ಲಿ ಹುರುಳಿರಬಹುದು. ಆದರೆ ಆ ಸಂಸತ್ತು 2001ರ ದಿನಾಂಕವನ್ನು ಒಂದು ದಿನವೂ ಮುಂದಕ್ಕೆ ಸರಿಸಿಲ್ಲ.

ಅಮೆರಿಕವನ್ನು ಟೀಕಿಸುವುದು ಸುಲಭ. ನಮ್ಮ ಕಾನೂನು ಏನು ಹೇಳುತ್ತದೆ ನೋಡೋಣ. 1955ರ ಪೌರತ್ವ ಕಾಯಿದೆಯ 5ನೆಯ ಕಲಮು ಮೊದಲು ಭಾರತೀಯರನ್ನು ಮದುವೆಯಾದ ಮಹಿಳೆಯರಿಗೆ ಮಾತ್ರ ನೋಂದಣಿಯ ಮೂಲಕ ಪೌರತ್ವದ ಅವಕಾಶ ಕೊಟ್ಟಿತ್ತು. 1986ರಲ್ಲಿ 'ಮಹಿಳೆ' ಹೋಗಿ 'ವ್ಯಕ್ತಿ' ಬಂತು, ಐದು ವರ್ಷ ವಾಸದ ಷರತ್ತೂ ಬಂತು. 2003ರ ತಿದ್ದುಪಡಿ ಅದನ್ನು ಏಳು ವರ್ಷಕ್ಕೆ ಏರಿಸಿತು. ಜೊತೆಗೆ 'ಅಕ್ರಮ ವಲಸಿಗ' ಅಲ್ಲದ ವ್ಯಕ್ತಿ ಎಂಬ ಮಾತನ್ನು ಸೇರಿಸಿತು. ದಾಖಲೆಯಿಲ್ಲದೆ ಬಂದವರೂ, ದಾಖಲೆಯೊಡನೆ ಬಂದು ಅವಧಿ ಮೀರಿ ಉಳಿದವರೂ, ಇಬ್ಬರೂ ಈ ಪದದೊಳಗೆ ಬರುತ್ತಾರೆ. 2019ರ ತಿದ್ದುಪಡಿ ಮೂರು ನೆರೆದೇಶಗಳ ಆರು ಸಮುದಾಯಗಳಿಗೆ 2014ರ ಕೊನೆಯ ದಿನದೊಳಗೆ ಬಂದಿದ್ದರೆ ಹೊರತು ಮಾಡಿದೆ. ಅದು ಧರ್ಮದ ಆಧಾರದ್ದು, ಮದುವೆಯದಲ್ಲ. ವಿಮಾನದವನಿಗೂ ಮರುಭೂಮಿಯವನಿಗೂ ಭೇದ ಮಾಡದಿರುವಷ್ಟರ ಮಟ್ಟಿಗೆ ನಮ್ಮ ಕಾನೂನು ಸಮಾನತೆಯನ್ನು ಪಾಲಿಸಿದೆ ಎನ್ನಬೇಕು. ಆದರೆ ಆ ಸಮಾನತೆ ಇಬ್ಬರಿಗೂ ಬಾಗಿಲು ಮುಚ್ಚುವ ಸಮಾನತೆ. ಇಲ್ಲಿ ಸಾವಿರ ಡಾಲರಿನ ದಂಡವಿಲ್ಲ, 'ವಿಪರೀತ ಕಷ್ಟ'ದ ವಿನಾಯಿತಿಯನ್ನು ಕಾಯಿದೆಯಲ್ಲಿ ಬರೆದಿಲ್ಲ, ಇಷ್ಟು ವರ್ಷ ಬಾಳಿದರೆ ಸಾಕೆಂಬ ಮಿತಿಯೂ ಇಲ್ಲ.

2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ನೀವು ಓದಿರಬಹುದು. ಪಾಕಿಸ್ತಾನದ ಸಿಂಧ್ ಪ್ರಾಂತದ ಹತ್ತೊಂಬತ್ತರ ಹುಡುಗಿ, ಅಲ್ಲಿ ಕಾವಲುಗಾರನಾಗಿದ್ದ ಉತ್ತರ ಪ್ರದೇಶದ ಯುವಕ. ಮೊಬೈಲಿನಲ್ಲಿ ಲೂಡೋ ಆಡುತ್ತ ಪರಿಚಯವಾಗಿ, ನೇಪಾಳದಲ್ಲಿ ಸೇರಿ, ಅಲ್ಲಿಂದ ಗಡಿ ದಾಟಿ ಬಂದು ಸಂಸಾರ ಹೂಡಿದ್ದರು. ಪೊಲೀಸರು ಬಂಧಿಸಿದರು, ಹುಡುಗಿಯನ್ನು ಅಟ್ಟಾರಿ ಗಡಿಯಲ್ಲಿ ಅವಳ ದೇಶಕ್ಕೆ ಒಪ್ಪಿಸಲಾಯಿತು. ದೇಶದ ಭದ್ರತೆ ದೊಡ್ಡದು; ತನಿಖೆ ಮಾಡಬೇಡಿ ಎಂದು ಯಾರೂ ಹೇಳಲಾರರು. ಆದರೆ ತನಿಖೆಯಲ್ಲಿ ಪ್ರೀತಿಯ ಹೊರತು ಬೇರೇನೂ ಕಾಣದಿದ್ದರೂ, ಕಾಯಿದೆಯಲ್ಲಿ ಆ ಹುಡುಗಿ ಹಿಡಿದುಕೊಳ್ಳಬಹುದಾದ ಒಂದು ಎಳೆಯೂ ಇರಲಿಲ್ಲ.

ಗಡಿಯ ಮೇಲೆ ಕುಳಿತ ನಮಗೆ ಇದು ದೂರದ ಸಂಗತಿಯಾಗಿ ತೋರಬಾರದು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಮನೆಗಳಿಗೆ ಇಂಡಿ, ಅಫಜಲಪುರ, ಆಳಂದದಿಂದ ಸೊಸೆಯರು ಬರುತ್ತಾರೆ; ನಮ್ಮ ಹೆಣ್ಣುಮಕ್ಕಳು ಆ ಕಡೆ ಹೋಗುತ್ತಾರೆ. ಮರಾಠಿಯವರು ಸೋಯರೀಕ ಎನ್ನುವುದನ್ನು ನಾವು ಬೀಗತನ ಎನ್ನುತ್ತೇವೆ. 1956ರಲ್ಲಿ ಎಳೆದ ಗೆರೆ ನಮ್ಮ ಬೀಗತನವನ್ನು ಕಡಿಯಲಿಲ್ಲ, ಏಕೆಂದರೆ ಅದು ರಾಜ್ಯದ ಗೆರೆ. ಹಾಗಿದ್ದೂ ಸಂವಿಧಾನದ ಮೀಸಲು ಸೌಲಭ್ಯ ಸೊಸೆಯ ಜೊತೆ ಗೆರೆ ದಾಟಿ ಬರುವುದಿಲ್ಲ. ತವರಿನ ರಾಜ್ಯದ ಜಾತಿ ಪ್ರಮಾಣಪತ್ರ ಗಂಡನ ರಾಜ್ಯದಲ್ಲಿ ನಡೆಯದೆಂದು ಅರಿತು ಕಣ್ಣೀರಿಟ್ಟ ವಿದ್ಯಾರ್ಥಿನಿಯರನ್ನು ಕಂಡಿದ್ದೇನೆ. ಇಷ್ಟು ಸಣ್ಣ ಗೆರೆಯೇ ಇಷ್ಟು ಮಾಡುವುದಾದರೆ ದೇಶದ ಗೆರೆ ಏನು ಮಾಡಬಹುದೆಂಬುದು ನಮಗೆ ಬೇಗ ಅರ್ಥವಾಗಬೇಕು.

ನಮ್ಮ ಕಾಯಿದೆಯಲ್ಲಿ ತುರ್ತಾಗಿ ತಿದ್ದಬೇಕಾದದ್ದು ಮಕ್ಕಳ ವಿಷಯ. 2004ರ ಡಿಸೆಂಬರ್ 3ರಿಂದೀಚೆಗೆ ಭಾರತದಲ್ಲಿ ಹುಟ್ಟಿದ ಮಗುವಿನ ತಂದೆತಾಯಿಗಳಲ್ಲಿ ಒಬ್ಬರು ಭಾರತೀಯರಾಗಿದ್ದರೂ, ಇನ್ನೊಬ್ಬರು ಮಗು ಹುಟ್ಟುವಾಗ ಅಕ್ರಮ ವಲಸಿಗರಾಗಿದ್ದರೆ, ಆ ಮಗು ಜನನದಿಂದ ಭಾರತೀಯ ಪ್ರಜೆಯಲ್ಲ. ಅಮೆರಿಕದ ಕಾನೂನು ಗಂಡನನ್ನು ಹತ್ತು ವರ್ಷ ಹೊರಗಿಡುತ್ತದೆ. ಆದರೆ ಪ್ರಜೆಯಾದ ತಾಯಿಗೆ ಅಲ್ಲಿಯೇ ಹುಟ್ಟಿದ ಮಗುವಿನ ಪೌರತ್ವವನ್ನು ತಂದೆ ಬಂದ ದಾರಿಗಾಗಿ ಕಿತ್ತುಕೊಳ್ಳುವುದಿಲ್ಲ. ನಮ್ಮದು ಕಿತ್ತುಕೊಳ್ಳುತ್ತದೆ. ಗಡಿ ದಾಟಿದ ರಾತ್ರಿ ಆ ಮಗು ಹುಟ್ಟಿಯೇ ಇರಲಿಲ್ಲ. ತಂದೆತಾಯಿಗಳಲ್ಲಿ ಒಬ್ಬರು ಪ್ರಜೆಯಾಗಿದ್ದರೆ ಮಗು ಪ್ರಜೆ ಎಂಬ ನಿಯಮ 2004ಕ್ಕೆ ಮೊದಲು ಇದ್ದೇ ಇತ್ತು. ಅದನ್ನು ಮರಳಿ ತರಬೇಕು. ಪತಿ ಪತ್ನಿಯರ ವಿಷಯದಲ್ಲಿ ತನಿಖೆ, ದಂಡ, ನಿಗದಿತ ವರ್ಷಗಳ ಸಹಬಾಳ್ವೆಯ ಪುರಾವೆ, ಈ ಮೂರನ್ನೂ ದಾಟಿದವರಿಗೆ ನೋಂದಣಿಯ ಅವಕಾಶ ಕೊಡಬೇಕು. ದಂಡ ಸಾಕಷ್ಟು ಭಾರವಾಗಿಯೇ ಇರಲಿ, ಆದರೆ ಅದಕ್ಕೊಂದು ಕೊನೆ ಇರಲಿ.

ಇದನ್ನು ಒಪ್ಪದವರು ನಮ್ಮ ವಿಭಾಗದಲ್ಲೇ ಇದ್ದಾರೆ, ಇರುವುದು ಒಳ್ಳೆಯದು. ಮುಂದಿನ ತಿಂಗಳ ಚರ್ಚಾಕೂಟಕ್ಕೆ ಇದೇ ವಿಷಯವನ್ನು ಇಟ್ಟಿದ್ದೇವೆ. ಪರವಾಗಿ ಮಾತಾಡುವವರೂ ವಿರೋಧಿಸುವವರೂ ಪೌರತ್ವ ಕಾಯಿದೆಯ 3 ಮತ್ತು 5ನೆಯ ಕಲಮುಗಳನ್ನು ಗ್ರಂಥಾಲಯದಲ್ಲಿ ಓದಿಕೊಂಡು ಬರಬೇಕು. ಮಾತು ಕನ್ನಡದಲ್ಲಿ, ತಲಾ ಏಳು ನಿಮಿಷ. 'ನುಸುಳುಕೋರ' ಎಂಬ ಪದವನ್ನು ಬಳಸಿದವರಿಗೆ ಅಂಕ ಕಡಿಯಲಾಗುವುದು.